ಗುಬ್ಬಿಯ ಕಾವಲಿನಲ್ಲಿ ಡ್ರೋನ್ ಬೇಟೆಗಾರ

ತಿಪಟೂರಿನ ಕೊಬ್ಬರಿ ಲಾರಿ ಬಿ.ಎಚ್. ರಸ್ತೆ ಹಿಡಿದು ತುಮಕೂರಿನತ್ತ ಹೊರಟರೆ ದಾರಿಯಲ್ಲಿ ಸಿಗುವುದು ಗುಬ್ಬಿ. ಆ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಆಗ ಎಲ್ಲರ ಬಾಯಲ್ಲಿದ್ದದ್ದು ಹಗುರ ಬಳಕೆಯ ಹೆಲಿಕಾಪ್ಟರ್. ಈಗ ಕಾರ್ಖಾನೆಯ ತೂಕವೇ ಬೇರೆ. 2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯ 156 ‘ಪ್ರಚಂಡ’ ಯುದ್ಧ ಹೆಲಿಕಾಪ್ಟರ್‌ಗಳಿಗೆ ಸುಮಾರು 62,700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಅವು ತಯಾರಾಗಬೇಕಿರುವುದು ಬೆಂಗಳೂರಿನ ಘಟಕದಲ್ಲಿ ಮತ್ತು ತುಮಕೂರು ಜಿಲ್ಲೆಯ ಈ ಕಾರ್ಖಾನೆಯಲ್ಲಿ.

ಯುದ್ಧ ಹೆಲಿಕಾಪ್ಟರ್ ಎಂದರೆ ಟ್ಯಾಂಕ್ ಹೊಡೆಯುವುದು ಎಂದಷ್ಟೇ ಹಲವರ ತಿಳಿವಳಿಕೆ. ಆದರೆ ನಿಧಾನವಾಗಿ ಹಾರುವ ವಿಮಾನ, ಡ್ರೋನ್‌ಗಳನ್ನು ಅಡ್ಡಗಟ್ಟುವುದೂ ಪ್ರಚಂಡದ ಕೆಲಸ. ನನ್ನ ಪ್ರಕಾರ ಮುಂದಿನ ದಿನಗಳಲ್ಲಿ ಹೆಚ್ಚು ಬೇಕಾಗುವುದು ಇದೇ.

1963ರಲ್ಲಿ ವಾಯುಪಡೆ ಸೇರಿದ ಮಿಗ್–21 ಕಾಲದಲ್ಲಿ ಲೆಕ್ಕ ಸರಳವಾಗಿತ್ತು: ಶತ್ರು ಎತ್ತರದಲ್ಲಿ ವೇಗವಾಗಿ ಬರುತ್ತಾನೆ, ಅವನಿಗಿಂತ ವೇಗವಾಗಿ ಅಟ್ಟಿಸಿಕೊಂಡು ಹೋಗಬೇಕು. ಡ್ರೋನ್ ಈ ಲೆಕ್ಕವನ್ನೇ ಕೆಡಿಸಿತು. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆಗಳತ್ತ 300ರಿಂದ 400 ಡ್ರೋನ್ ಬಿಟ್ಟಿತೆಂದು ನಮ್ಮ ಸರ್ಕಾರವೇ ಹೇಳಿತು. ಉಕ್ರೇನ್ ಮೇಲೆ ಎರಗುವ ಶಾಹೆದ್ ಡ್ರೋನ್‌ನ ವೇಗ ಗಂಟೆಗೆ ಸುಮಾರು 180 ಕಿಲೋಮೀಟರ್. ನೆಲಕ್ಕೆ ಒತ್ತಿಕೊಂಡು ಬಂದರೆ ಗುಡ್ಡ, ಮರಗಳ ಮರೆಯಲ್ಲಿ ರೇಡಾರ್‌ನ ಕಣ್ಣು ತಪ್ಪಿಸುತ್ತದೆ. ಜೆಟ್ ಅಷ್ಟು ನಿಧಾನವಾಗಿ ಅದರ ಬೆನ್ನು ಹಿಡಿಯಲಾರದು. ಅಗ್ಗದ ಡ್ರೋನ್‌ಗೆಲ್ಲ ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಸುಡುತ್ತಾ ಹೋದರೆ ಯಾವ ಬೊಕ್ಕಸವೂ ತಾಳದು. ಉಕ್ರೇನ್ ಹೆಲಿಕಾಪ್ಟರ್ ಕಳಿಸಿಯೇ ಎಷ್ಟೋ ಶಾಹೆದ್‌ಗಳನ್ನು ಉರುಳಿಸಿದೆ.

ಪ್ರಚಂಡದ ಮೂತಿಯಡಿ 20 ಮಿಲಿಮೀಟರ್ ಫಿರಂಗಿ ಇದೆ. ಹೆಲ್ಮೆಟ್‌ನಲ್ಲೇ ಗುರಿದರ್ಶಕ ಇರುವುದರಿಂದ ಪೈಲಟ್ ತಲೆ ತಿರುಗಿಸಿದತ್ತ ನಳಿಗೆಯೂ ತಿರುಗುತ್ತದೆ. ಗುರಿ ದೂರವಿದ್ದರೆ, ಎಂಜಿನ್ನಿನ ಬಿಸಿ ಹಿಡಿದು ಹೋಗುವ ಮಿಸ್ಟ್ರಾಲ್ ಕ್ಷಿಪಣಿ ಇದೆ. ಕಾರ್ಗಿಲ್‌ನ ಎತ್ತರದಲ್ಲಿ ಇಂಥದ್ದೊಂದು ಹೆಲಿಕಾಪ್ಟರ್ ಇಲ್ಲದೆ ಪಟ್ಟ ಪಾಡಿನಿಂದ ಹುಟ್ಟಿದ ಯೋಜನೆ ಇದು. ಮೊದಲ ಹಾರಾಟ 2010ರ ಮಾರ್ಚ್ 29ರಂದು. ಈ 156ರಲ್ಲಿ 90 ಭೂಸೇನೆಗೆ, 66 ವಾಯುಪಡೆಗೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಮನೆಗಳ ಮಕ್ಕಳು ಐಟಿಐ, ಡಿಪ್ಲೊಮಾ ಮುಗಿಸಿ ಪೀಣ್ಯದ ಬಸ್ಸು ಹತ್ತುತ್ತಿದ್ದಾರೆ. ಆದರೆ ಈ ಹೆಲಿಕಾಪ್ಟರ್‌ಗಳು ತಯಾರಾಗಬೇಕಿರುವ ಕಾರ್ಖಾನೆ ಪಕ್ಕದ ತಾಲ್ಲೂಕಿನಲ್ಲೇ ಇದೆ. ವಿಮಾನದ ಬಿಡಿಭಾಗ ಜೋಡಿಸುವ, ವೈರಿಂಗ್ ಮಾಡುವ, ಕಾಂಪೋಸಿಟ್ ಅಚ್ಚು ಹಾಕುವ ಕೆಲಸವನ್ನು ನಮ್ಮ ಐಟಿಐಗಳಲ್ಲಿ ಕಲಿಸುವ ವ್ಯವಸ್ಥೆ ಈಗಲೇ ಆಗಬೇಕು. ಮೂರೂ ತಾಲ್ಲೂಕಿನ ಶಾಸಕರು ಒಟ್ಟಾಗಿ ಇದನ್ನು ಕೇಳಲಿ.