ಶಿಕ್ಷಕರ ಸಂಬಳ ನ್ಯಾಯವಾದುದೇ?

‘ಮಾಸ್ತರರಿಗೇನು, ಬೇಕಾದಷ್ಟು ರಜೆ, ಕೈತುಂಬ ಸಂಬಳ’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಇದಕ್ಕೆ ಉತ್ತರ ಹೇಳುವ ಮೊದಲು ಯಾವ ಶಿಕ್ಷಕರ ಸಂಬಳ ಎಂದು ಕೇಳಬೇಕಾಗುತ್ತದೆ.

ಕಬಕ, ಪುತ್ತೂರು ಪರಿಸರದ ಶಾಲೆಗಳಲ್ಲಿ ಸ್ಥೂಲವಾಗಿ ಮೂರು ವರ್ಗದ ಶಿಕ್ಷಕರಿದ್ದಾರೆ. ಸರಕಾರಿ ಮತ್ತು ಅನುದಾನಿತ ಹುದ್ದೆಯಲ್ಲಿರುವವರಿಗೆ ಸರಕಾರದ ವೇತನ ಶ್ರೇಣಿ ಇದೆ. ರಾಜ್ಯದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದಾಗ ಅತಿ ಕೆಳಗಿನ ಹುದ್ದೆಯ ಮೂಲವೇತನವೇ 27,000 ರೂಪಾಯಿಗೆ ಏರಿತು. ಸರಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗಾದರೋ 2025ರ ಹೆಚ್ಚಳದ ಬಳಿಕ ಸಿಕ್ಕಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ. ಮೂರನೆಯವರು ಅನುದಾನರಹಿತ ಶಾಲೆಯವರು. ಅವರ ಸಂಬಳ ಮಕ್ಕಳ ಶುಲ್ಕವನ್ನೂ ಆಡಳಿತ ಮಂಡಳಿಯ ತೀರ್ಮಾನವನ್ನೂ ಅವಲಂಬಿಸಿದೆ. ಪಾಠ ಒಂದೇ, ಸಂಬಳ ಮಾತ್ರ ಬೇರೆ ಬೇರೆ.

ಬೇರೆ ಉದ್ಯೋಗಗಳೊಂದಿಗೆ ಹೋಲಿಸಿ ನೋಡೋಣ. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ತಾಯಂದಿರಿಗೂ ಸಾವಿರ ಬೀಡಿಗೆ ಇಷ್ಟು ಎಂದು ಸರಕಾರವೇ ಕನಿಷ್ಠ ಮಜೂರಿ ನಿಗದಿಪಡಿಸುತ್ತದೆ. ಆದರೆ ಶಿಕ್ಷಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ‘ಕಾರ್ಮಿಕರಲ್ಲ’ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಗೋವಾದ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. 1996ರಲ್ಲಿ ಕನಿಷ್ಠ ವೇತನ ಕಾಯಿದೆಯೂ ಅವರಿಗೆ ಅನ್ವಯಿಸದು ಎಂದಿತು. 2004ರಲ್ಲಿ ಗ್ರ್ಯಾಚುಟಿಯ ಬಗ್ಗೆಯೂ ಇದೇ ತೀರ್ಪು ಬಂತು. ಬೋಧನೆ ಉದಾತ್ತ ವೃತ್ತಿ, ಅದು ಕೂಲಿ ಕೆಲಸದಂತಲ್ಲ ಎಂಬ ಗೌರವದ ಮಾತೇ ಶಿಕ್ಷಕರನ್ನು ಕಾನೂನಿನ ರಕ್ಷಣೆಯಿಂದ ಹೊರಗಿಟ್ಟಿತು.

ಗ್ರ್ಯಾಚುಟಿಯ ವಿಷಯದಲ್ಲಿ ಸಂಸತ್ತು 2009ರಲ್ಲಿ ಈ ಅನ್ಯಾಯವನ್ನು ಸರಿಪಡಿಸಿತು. ತಿದ್ದುಪಡಿಯನ್ನು 1997ರ ಏಪ್ರಿಲ್ 3ರಿಂದಲೇ ಪೂರ್ವಾನ್ವಯವಾಗಿಸಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದರೂ 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಲೆಕ್ಕ ಸರಳವಾಗಿದೆ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ತಿಂಗಳಿಗೆ 13,000 ರೂಪಾಯಿ ಪಡೆಯುತ್ತಿದ್ದ ಶಿಕ್ಷಕಿ 20 ವರ್ಷ ದುಡಿದು ನಿವೃತ್ತರಾದರೆ 1,50,000 ರೂಪಾಯಿ ಸಿಗಬೇಕು. ಇದು ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಕೊಡುವ ಕಾಣಿಕೆಯಲ್ಲ, ಅವರ ಹಕ್ಕು.

ಶಾಲೆ ನಡೆಸುವ ನಮ್ಮ ಧರ್ಮಕೇಂದ್ರಗಳಿಗೂ ಇದು ಅನ್ವಯಿಸುತ್ತದೆ. ಧರ್ಮಸಭೆಯ ಆಸ್ತಿ ನೋಡಿಕೊಳ್ಳುವವರು ಕಾರ್ಮಿಕ ಕಾನೂನನ್ನು ಪಾಲಿಸಬೇಕು, ಕೆಲಸ ಮಾಡುವವರಿಗೆ ನ್ಯಾಯವಾದ ವೇತನ ಕೊಡಬೇಕು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 1286ನೇ ವಿಧಿ ವಿಧಿಸುತ್ತದೆ. ಶುಲ್ಕ ಕಡಿಮೆ ಇರುವ ಗ್ರಾಮೀಣ ಶಾಲೆಗಳ ಕಷ್ಟ ನಿಜ. ಆದರೆ ಆ ಕಷ್ಟದ ಭಾರವನ್ನೆಲ್ಲ ಶಿಕ್ಷಕಿಯೊಬ್ಬರೇ ಹೊರುವಂತಾಗಬಾರದು. ಹೊಸ ಕಟ್ಟಡದ ಅಂದಾಜುಪಟ್ಟಿ ಮಾಡುವಾಗ ಗ್ರ್ಯಾಚುಟಿ ನಿಧಿಗೂ ಪ್ರತಿವರ್ಷ ಇಂತಿಷ್ಟು ಎಂದು ತೆಗೆದಿಡೋಣ. ಹೆತ್ತವರೂ ವಾರ್ಷಿಕ ಸಭೆಯಲ್ಲಿ ಈ ಲೆಕ್ಕವನ್ನು ಕೇಳಲಿ.