ಅಂಗಡಿ ಜಗಲಿಯಿಂದ ಸ್ವಂತ ಸೂರಿನವರೆಗೆ

ಆಷಾಢದ ಮಳೆ ಎಡೆಬಿಡದೆ ಸುರಿಯುವ ಮುಂಜಾನೆ. ಅಂಗಡಿ ತೆರೆಯಲು ಬಂದ ವರ್ತಕರಿಗೆ ಜಗಲಿಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮುದುಡಿ ಮಲಗಿದ ವೃದ್ಧರೊಬ್ಬರು ಕಾಣುತ್ತಾರೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪಲು, ಸೋಮವಾರಪೇಟೆ ಹೀಗೆ ನಮ್ಮ ಜಿಲ್ಲೆಯ ಯಾವ ಪೇಟೆಯ ವ್ಯಾಪಾರಿಗಳಿಗೂ ಇದು ಅಪರಿಚಿತ ದೃಶ್ಯವಲ್ಲ. ಕೆಲವರು ಗದರಿಸಿ ಎಬ್ಬಿಸುತ್ತಾರೆ. ಹೆಚ್ಚಿನವರು ಒಂದು ಲೋಟ ಕಾಫಿ ಕೊಡಿಸಿ, ಹಳೆಯ ಕಂಬಳಿಯೊಂದನ್ನು ನೀಡಿ ತಮ್ಮ ಕೆಲಸದಲ್ಲಿ ತೊಡಗುತ್ತಾರೆ. ಕೊಡಗಿನ ವರ್ತಕ ಸಮುದಾಯ ದಾನಧರ್ಮದಲ್ಲಿ ಎಂದೂ ಹಿಂದುಳಿದದ್ದಲ್ಲ. ಆದರೂ ಮರುದಿನ ಬೆಳಿಗ್ಗೆ ಅವರು ಅದೇ ಜಗಲಿಯಲ್ಲಿರುತ್ತಾರೆ. ಕಂಬಳಿ ಒಂದು ರಾತ್ರಿಯ ಚಳಿಯನ್ನು ನೀಗಿಸುತ್ತದೆ. ಅವರು ಕಳೆದುಕೊಂಡಿರುವ ವಿಳಾಸವನ್ನು ಮರಳಿ ದೊರಕಿಸಲು ಬೇರೆಯೇ ಬಗೆಯ ನೆರವು ಬೇಕು. ಆ ನೆರವು ಯಾವುದು, ಅದರಲ್ಲಿ ನಮ್ಮ ಪಾಲೇನು ಎಂಬುದನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

2018 ಕಲಿಸಿದ ಪಾಠ

ಮನೆ ಕಳೆದುಕೊಳ್ಳುವುದು ಎಂದರೇನು ಎಂಬುದನ್ನು ಕೊಡಗು 2018ರ ಆಗಸ್ಟ್‌ನಲ್ಲಿ ಕಣ್ಣಾರೆ ಕಂಡಿತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮದೆನಾಡು, ಜೋಡುಪಾಲ ಮುಂತಾದೆಡೆ ಬೆಟ್ಟಗಳೇ ಕುಸಿದವು. ಶಾಲೆಗಳು, ಕಲ್ಯಾಣ ಮಂಟಪಗಳು ಪರಿಹಾರ ಕೇಂದ್ರಗಳಾದವು. ವರ್ತಕರು ಉಗ್ರಾಣಗಳನ್ನು ತೆರೆದರು. ಸ್ವಯಂಸೇವಕರು ಹಗಲಿರುಳು ದುಡಿದರು. ಸರ್ಕಾರವು ಸಂತ್ರಸ್ತ ಕುಟುಂಬಗಳಿಗೆ ತಿಂಗಳಿಗೆ 10,000 ರೂ. ಮನೆ ಬಾಡಿಗೆ ನೀಡಿತು, ತಲಾ 9.85 ಲಕ್ಷ ರೂ. ವೆಚ್ಚದಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಜಂಬೂರು ಮತ್ತು ಮದೆನಾಡುಗಳಲ್ಲಿ ನಿರ್ಮಿಸಿದ 463 ಮನೆಗಳು 2020ರ ಜೂನ್‌ನಲ್ಲಿ ಹಸ್ತಾಂತರಗೊಂಡವು. ಇನ್ಫೋಸಿಸ್ ಪ್ರತಿಷ್ಠಾನ, ರೋಟರಿ ಮೊದಲಾದ ಸಂಸ್ಥೆಗಳೂ ಮನೆ ನಿರ್ಮಾಣಕ್ಕೆ ಕೈಜೋಡಿಸಿದವು.

ವಿಳಂಬದ ಬಗ್ಗೆ ದೂರುಗಳಿದ್ದರೂ ಈ ಕಾರ್ಯ ಕೈಗೂಡಲು ಮುಖ್ಯವಾದ ಒಂದು ಕಾರಣವಿತ್ತು. ಮನೆ ಕಳೆದುಕೊಂಡವರ ಬಳಿ ಪಹಣಿ, ಪಡಿತರ ಚೀಟಿ, ಮತದಾರರ ಗುರುತಿನ ಚೀಟಿಗಳಿದ್ದವು. ಇವು ಮಣ್ಣುಪಾಲಾದರೂ ಕಚೇರಿಯ ದಾಖಲೆಗಳಲ್ಲಿ ಹೆಸರುಗಳಿದ್ದವು. 'ಇವರು ನಮ್ಮ ಊರಿನವರು' ಎಂದು ಹೇಳಲು ನೆರೆಹೊರೆಯವರಿದ್ದರು. ಹೀಗಾಗಿ ಸಂತ್ರಸ್ತರ ಪಟ್ಟಿಯನ್ನು ಸಿದ್ಧಪಡಿಸಲು ಸಾಧ್ಯವಾಯಿತು. ಜಗಲಿಯಲ್ಲಿ ಮಲಗಿರುವ ವೃದ್ಧರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅವರ ಪರವಾಗಿ ಸಾಕ್ಷಿ ಹೇಳುವವರೂ ಇಲ್ಲ.

ಲೈನ್‌ಮನೆಯಿಂದ ಬೀದಿಗೆ

ಅವರು ಎಲ್ಲಿಂದ ಬಂದವರು? ಕೆಲವರು ಮಾನಸಿಕ ಅಸ್ವಸ್ಥತೆಯಿಂದ ಬಸ್ಸು ಹತ್ತಿ ದೂರದ ರಾಜ್ಯಗಳಿಂದ ಬಂದಿಳಿದವರು. ಕೆಲವರು ಮಕ್ಕಳಿಂದ ದೂರವಾದವರು, ಮದ್ಯದ ಚಟಕ್ಕೆ ಬಲಿಯಾದವರು. ಇನ್ನು ಕೆಲವರು ನಮ್ಮ ಕಾಫಿ ತೋಟಗಳಲ್ಲೇ ಆಯುಷ್ಯ ಸವೆಸಿದವರು. ಈ ಮಾತು ತುಸು ಕಹಿಯಾದರೂ ಹೇಳಲೇಬೇಕಾದದ್ದು. ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆಯು ಮಾಲೀಕರ ಮೇಲಿರಿಸಿತ್ತು. ಆ ಕಾಯ್ದೆಯ ಸ್ಥಾನಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ತೋಟ ಕಾರ್ಮಿಕರ ವಸತಿಗೆ ಅವಕಾಶ ಕಲ್ಪಿಸಿದೆ. ಆದರೆ ಲೈನ್‌ಮನೆಯ ವಾಸ ಕೆಲಸಕ್ಕೆ ಅಂಟಿಕೊಂಡದ್ದು. ಕೈಕಾಲು ಸೋತು ಕೆಲಸ ನಿಂತ ದಿನ ಮನೆಯೂ ಕೈಬಿಡುತ್ತದೆ. ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದವರ ಕೈಯಲ್ಲಿ ಆ ಸೂರಿನ ಒಂದು ಕಾಗದವೂ ಉಳಿದಿರುವುದಿಲ್ಲ.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ತೆರವುಗೊಳಿಸಿದಾಗ ಈ ಸಮಸ್ಯೆ ರಾಜ್ಯದ ಗಮನ ಸೆಳೆಯಿತು. ಅಲ್ಲಿ ನೆಲೆಸಿದ್ದವರಲ್ಲಿ ಅನೇಕರು ಲೈನ್‌ಮನೆಗಳಿಂದ ಹೊರಬಂದ ಜೇನುಕುರುಬರು ಮತ್ತು ಯರವರು. ದೀರ್ಘ ಹೋರಾಟದ ಬಳಿಕ ಬಸವನಹಳ್ಳಿ ಹಾಗೂ ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಒಟ್ಟಾಗಿ ನಿಂತವರಿಗೆ ಅಷ್ಟಾದರೂ ದೊರೆಯಿತು. ಒಂಟಿಯಾಗಿ ಪೇಟೆಗೆ ಬಂದು ಜಗಲಿ ಸೇರಿದವರಿಗೆ ದೊರೆಯುವುದು ಯಾರಾದರೊಬ್ಬರು ಜೊತೆಗೆ ನಿಂತಾಗ ಮಾತ್ರ.

ನೆಲೆ ಕಲ್ಪಿಸುವ ಹಾದಿ

ಮಡಿಕೇರಿಯ ತನಲ್, ಸುಂಟಿಕೊಪ್ಪ ಸಮೀಪದ ಗದ್ದೆಹಳ್ಳದ ವಿಕಾಸ್ ಜನಸೇವಾ ಟ್ರಸ್ಟ್ ಮೊದಲಾದ ಸ್ವಯಂಸೇವಾ ಸಂಸ್ಥೆಗಳು ನಮ್ಮ ಜಿಲ್ಲೆಯಲ್ಲಿ ನಿರ್ಗತಿಕರಿಗೆ ಆಶ್ರಯ ನೀಡುತ್ತ ಬಂದಿವೆ. ಇಂತಹ ಸಂಸ್ಥೆಗಳ ಕಾರ್ಯ ಊಟ, ಹಾಸಿಗೆಗಳಿಗೆ ಮುಗಿಯುವುದಿಲ್ಲ. ನಿಜವಾದ ಶ್ರಮ ಆರಂಭವಾಗುವುದೇ ಅಲ್ಲಿಂದ ಮುಂದೆ.

ಮೊದಲನೆಯದು ಆರೋಗ್ಯ. ಮಾನಸಿಕ ಅಸ್ವಸ್ಥರಾಗಿ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೆಯ ಪ್ರಕರಣದಂತೆ ಪೊಲೀಸ್ ಠಾಣಾಧಿಕಾರಿಯ ಕರ್ತವ್ಯ. ಅಂಥವರನ್ನು 24 ಗಂಟೆಗಳೊಳಗೆ ಸಾರ್ವಜನಿಕ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇರಿಸುವಂತಿಲ್ಲ.

ಎರಡನೆಯದು ಗುರುತು. ಮಾನ್ಯತೆ ಪಡೆದ ಆಶ್ರಯಧಾಮದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ನೀಡುವ ದೃಢೀಕರಣ ಪತ್ರವನ್ನು ಆಧಾರ್ ನೋಂದಣಿಗೆ ವಿಳಾಸದ ದಾಖಲೆಯಾಗಿ ಬಳಸಬಹುದು. ಆಧಾರ್ ದೊರೆತರೆ ಬ್ಯಾಂಕ್ ಖಾತೆಗೆ, ಪಿಂಚಣಿಗೆ ದಾರಿ ತೆರೆಯುತ್ತದೆ. 65 ವರ್ಷ ದಾಟಿದ ಅರ್ಹರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ತಿಂಗಳಿಗೆ 1,200 ರೂ. ಲಭ್ಯವಿದೆ. ಮೊತ್ತ ಸಣ್ಣದು, ಆದರೆ ತನ್ನ ಹೆಸರಿಗೆ ಬರುವ ಹಣ ಮನುಷ್ಯನಿಗೆ ತಲೆಯೆತ್ತಿ ನಡೆಯುವ ಧೈರ್ಯ ನೀಡುತ್ತದೆ.

ಮೂರನೆಯದು ಕುಟುಂಬ. ಹೆತ್ತವರನ್ನು ಕೈಬಿಟ್ಟ ಮಕ್ಕಳಿಂದ ಜೀವನಾಂಶ ಪಡೆಯಲು 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಸ್ವತಃ ಅಸಮರ್ಥರಾದವರ ಪರವಾಗಿ ಸ್ವಯಂಸೇವಾ ಸಂಸ್ಥೆಯೇ ಅರ್ಜಿ ಸಲ್ಲಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ಊರು ಪತ್ತೆಯಾಗಲು ಕೆಲವೊಮ್ಮೆ ಭಾಷೆಯೊಂದೇ ಸಾಕಾಗುತ್ತದೆ. ಹೊಸಪೇಟೆ ಕಡೆಯ ಮಹಿಳೆಯೊಬ್ಬರು ಎರಡು ದಶಕಗಳ ಹಿಂದೆ ದಾರಿ ತಪ್ಪಿ ಹಿಮಾಚಲ ಪ್ರದೇಶ ಸೇರಿದ್ದರು. ಮನೆಯವರು ಅವರು ತೀರಿಕೊಂಡರೆಂದು ನಂಬಿ ಅಂತ್ಯಕ್ರಿಯೆಯನ್ನೂ ನೆರವೇರಿಸಿದ್ದರು. ಮಂಡಿಯ ವೃದ್ಧಾಶ್ರಮದಲ್ಲಿದ್ದ ಅವರೊಡನೆ ಅಲ್ಲಿ ಸೇವೆಯಲ್ಲಿದ್ದ ಕರ್ನಾಟಕ ಮೂಲದ ಅಧಿಕಾರಿಗಳು ಕನ್ನಡದಲ್ಲಿ ಮಾತನಾಡಿದಾಗ ಊರಿನ ಹೆಸರು ಹೊರಬಂತು. 2024ರ ಡಿಸೆಂಬರ್‌ನಲ್ಲಿ ಅವರು ಮಕ್ಕಳನ್ನು ಸೇರಿಕೊಂಡರು. ನಮ್ಮ ಪೇಟೆಗಳಲ್ಲಿ ಅಸ್ಸಾಮಿ, ಬಂಗಾಳಿ, ಹಿಂದಿ, ತಮಿಳು, ಮಲಯಾಳ ಬಲ್ಲವರಿಗೆ ಕೊರತೆಯಿಲ್ಲ. ಗಿರಾಕಿಯ ಭಾಷೆಯಲ್ಲಿ ವ್ಯವಹರಿಸಬಲ್ಲ ವ್ಯಾಪಾರಿ ಈ ಕಾರ್ಯಕ್ಕೂ ತಕ್ಕವನೇ.

ಕೊನೆಯದು ವಸತಿ. ಆಶ್ರಮವಾಸ ಎಲ್ಲರಿಗೂ ಬದುಕಿನ ಅಂತಿಮ ನಿಲ್ದಾಣವಾಗಬೇಕಿಲ್ಲ. ಚೇತರಿಸಿಕೊಂಡವರು ಒಂದು ಬಾಡಿಗೆ ಕೋಣೆ, ಕೈಗೆಟುಕುವ ಕೆಲಸವನ್ನು ಬಯಸುತ್ತಾರೆ. ಮುಂಗಡ ಹಣ ಮತ್ತು ಪರಿಚಯಸ್ಥರ ಜಾಮೀನು ಇಲ್ಲದೆ ಯಾರೂ ಬಾಡಿಗೆಗೆ ಕೊಡುವುದಿಲ್ಲ. ಅನೇಕರ ಪ್ರಯತ್ನ ಮುರಿದು ಬೀಳುವುದು ಇಲ್ಲೇ.

ವರ್ತಕರ ಪಾಲು

ಭಿಕ್ಷಾಟನೆ ನಿಷೇಧ ಕಾಯ್ದೆ 1975ರ ಅನ್ವಯ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಡನೆ ಶೇ 3ರಷ್ಟು ಭಿಕ್ಷುಕರ ಕರವನ್ನು ವಸೂಲು ಮಾಡುತ್ತವೆ. ಕರ ಕಟ್ಟಿದ ಮೇಲೆ ಹೊಣೆ ಮುಗಿಯಿತೆಂದು ಭಾವಿಸುವಂತಿಲ್ಲ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಮೃತಪಟ್ಟ ಘಟನೆ ರಾಜ್ಯವನ್ನೇ ಬೆಚ್ಚಿಬೀಳಿಸಿತ್ತು. ಬೀದಿಯಿಂದ ಎತ್ತೊಯ್ಯುವುದು ಬೇರೆ, ನೆಲೆ ಕಲ್ಪಿಸುವುದು ಬೇರೆ ಎಂಬುದು ಅಂದು ಸ್ಪಷ್ಟವಾಯಿತು.

ಆದ್ದರಿಂದ ಸದಸ್ಯ ಬಾಂಧವರು ಕೆಳಗಿನ ಅಂಶಗಳನ್ನು ಗಮನಿಸಬೇಕೆಂದು ಕೋರಿಕೆ:

1. ಜಗಲಿಯಲ್ಲಿ ಮಲಗಿದವರನ್ನು ಓಡಿಸುವ ಮುನ್ನ ಹೆಸರು, ಊರು, ಭಾಷೆ ಕೇಳಿರಿ. ಅವರ ಒಪ್ಪಿಗೆ ಪಡೆದು ಸಮೀಪದ ಸ್ವಯಂಸೇವಾ ಸಂಸ್ಥೆಗೆ ತಿಳಿಸಿರಿ. ಹಿರಿಯರಿಗಾಗಿ 14567, ಮಾನಸಿಕ ಆರೋಗ್ಯದ ಸಲಹೆಗಾಗಿ 14416, ಉಚಿತ ಕಾನೂನು ನೆರವಿಗಾಗಿ 15100 ಸಂಖ್ಯೆಗೆ ಕರೆ ಮಾಡಬಹುದು.

2. ಖಾಲಿ ಬಿದ್ದಿರುವ ಕೋಣೆಯೊಂದನ್ನು ಸಂಸ್ಥೆಯ ಜಾಮೀನಿನ ಮೇಲೆ, ಕರಾರು ಪತ್ರದೊಂದಿಗೆ ಬಾಡಿಗೆಗೆ ನೀಡುವುದನ್ನು ಪರಿಶೀಲಿಸಿರಿ. ಆ ಪತ್ರವೇ ಬಾಡಿಗೆದಾರರಿಗೆ ವಿಳಾಸದ ಪುರಾವೆಯಾಗಬಲ್ಲದು.

3. ತೋಟದ ಮಾಲೀಕರು ವಯಸ್ಸಾದ ಕಾರ್ಮಿಕರಿಗೆ ಲೈನ್‌ಮನೆ ಬಿಡುವ ಮೊದಲೇ ಆಧಾರ್, ಪಡಿತರ ಚೀಟಿ, ಪಿಂಚಣಿಗಳನ್ನು ಮಾಡಿಸಿಕೊಡಲಿ. ಕೆಲಸ ಮಾಡಿದ ವರ್ಷಗಳ ಬಗ್ಗೆ ಒಂದು ಪತ್ರ ಬರೆದುಕೊಡಲು ಖರ್ಚೇನೂ ತಗಲುವುದಿಲ್ಲ.

4. ದೇಣಿಗೆಯನ್ನು ನೋಂದಾಯಿತ ಸಂಸ್ಥೆಗೆ ಚೆಕ್ ಅಥವಾ ಬ್ಯಾಂಕ್ ಮೂಲಕ ನೀಡಿ ರಸೀತಿ ಪಡೆಯಿರಿ. 2,000 ರೂ. ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ದೊರೆಯದು. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೂ ಈ ವಿನಾಯಿತಿ ಇಲ್ಲ.

ವ್ಯಾಪಾರದಲ್ಲಿ ನಂಬಿಕೆಯೇ ಬಂಡವಾಳ. ಪರಿಚಯವಿಲ್ಲದ ಊರಿನ ವ್ಯಾಪಾರಿಗೂ ಮತ್ತೊಬ್ಬರ ಮಾತಿನ ಮೇಲೆ ನಾವು ಸಾಲದಲ್ಲಿ ಸರಕು ಕಳುಹಿಸುತ್ತೇವೆ. 'ಇವರನ್ನು ನಾನು ಬಲ್ಲೆ' ಎಂಬ ಆ ಒಂದು ಮಾತು ನಮ್ಮ ಜಗಲಿಯ ಮೇಲೆ ಮಲಗಿದವರಿಗೂ ಬೇಕಾಗಿದೆ. ನಾಳೆ ಬೆಳಿಗ್ಗೆ ಬಾಗಿಲು ತೆರೆಯುವಾಗ ಕಾಫಿಯ ಲೋಟದೊಡನೆ ಅವರ ಹೆಸರನ್ನೂ ಕೇಳೋಣ.