ಕಿಡಿಗೂ ಒಂದು ಹೊತ್ತು

ಬೆಂಗಳೂರಿನ ವಿಜಯನಗರದ ಅಡ್ಡರಸ್ತೆಗಳಲ್ಲಿ ಈಗಲೂ ಆಗೊಮ್ಮೆ ಈಗೊಮ್ಮೆ ಹಳೆಯ ಜಾವಾ ಮೋಟಾರ್ ಸೈಕಲ್ಲಿನ ಸದ್ದು ಕೇಳಿಬರುತ್ತದೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಇವುಗಳ ತಯಾರಿಕೆ ಆರಂಭಿಸಿತು. ಮುಂದೆ ಇವೇ ಯೆಜ್ಡಿ ಎಂದು ಹೆಸರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ವಾಹನಗಳು ಓಡುತ್ತಿವೆ. ಇವುಗಳಲ್ಲಿ ಕಿಡಿ ಹಾರುವ ಕ್ಷಣವನ್ನು ನಿರ್ಧರಿಸಲು ಇಂದಿನ ವಾಹನಗಳಲ್ಲಿರುವಂತೆ ಕಂಪ್ಯೂಟರ್ ಇಲ್ಲ. ಅದನ್ನು ಮೆಕ್ಯಾನಿಕ್ ಕೈಯಾರೆ ಹೊಂದಿಸಬೇಕು.

ಪಿಸ್ಟನ್ ತುತ್ತತುದಿ ಮುಟ್ಟಿದಾಗ ಕಿಡಿ ಹಾರಿದರೆ ಸಾಲದೆ? ಸಾಲದು. ಪೆಟ್ರೋಲ್-ಗಾಳಿಯ ಮಿಶ್ರಣ ಒಮ್ಮೆಲೇ ಉರಿಯುವುದಿಲ್ಲ. ಜ್ವಾಲೆ ಹರಡಿ ಒತ್ತಡ ಗರಿಷ್ಠವಾಗಲು ಸುಮಾರು 2 ಮಿಲಿಸೆಕೆಂಡು ಬೇಕೆನ್ನೋಣ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಅಷ್ಟರಲ್ಲಿ ಕ್ರ್ಯಾಂಕ್ 36 ಡಿಗ್ರಿ ಸಾಗಿರುತ್ತದೆ. ಪಿಸ್ಟನ್ ಕೆಳಗಿಳಿಯತೊಡಗಿದ 10-15 ಡಿಗ್ರಿಯಲ್ಲಿ ಗರಿಷ್ಠ ಒತ್ತಡ ಬಿದ್ದರೆ ನೂಕು ಚೆನ್ನಾಗಿರುತ್ತದೆ. ಆದ್ದರಿಂದ ಕಿಡಿ ಸುಮಾರು 20 ಡಿಗ್ರಿ ಮುಂಚೆಯೇ ಹಾರಬೇಕು.

ಜಾವಾದಲ್ಲಿ ಇದನ್ನು ಪಿಸ್ಟನ್ನಿನ ಎತ್ತರದಿಂದ ಅಳೆಯುತ್ತಾರೆ. 250 ಸಿಸಿ ಎಂಜಿನ್ನಿನಲ್ಲಿ ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಕನೆಕ್ಟಿಂಗ್ ರಾಡ್ ಇದರ ಎರಡರಷ್ಟು ಉದ್ದವೆಂದು ಹಿಡಿದು ಲೆಕ್ಕ ಹಾಕಿದರೆ, ತುತ್ತತುದಿಗಿಂತ 3 ಮಿ.ಮೀ. ಕೆಳಗೆ ಎಂದರೆ ಸುಮಾರು 21 ಡಿಗ್ರಿ ಮುಂಚೆ. ಅರ್ಧ ಮಿ.ಮೀ. ತಪ್ಪಿದರೂ ಸುಮಾರು 2 ಡಿಗ್ರಿ ತಪ್ಪುತ್ತದೆ. ಇಲ್ಲಿ ಕಣ್ಣಂದಾಜು ನಡೆಯದು. ಡಯಲ್ ಗೇಜ್ ಬೇಕು.

ಇಗ್ನಿಷನ್ ಕಾಯಿಲಿನ ಮೊದಲ ಸುರುಳಿಯ ವಿದ್ಯುತ್ತು ಸಿ.ಬಿ. ಪಾಯಿಂಟಿನ ಮೂಲಕ ಹರಿಯುತ್ತದೆ. ಪಾಯಿಂಟ್ ತೆರೆದೊಡನೆ ವಿದ್ಯುತ್ತು ನಿಂತು ಕಾಂತಕ್ಷೇತ್ರ ಕುಸಿಯುತ್ತದೆ. ಆಗ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಪ್ರೇರಿತವಾಗಿ ಕಿಡಿ ಹಾರುತ್ತದೆ. ಇದು ಫ್ಯಾರಡೆಯ ನಿಯಮ. ಅಂದರೆ, ಪಾಯಿಂಟ್ ತೆರೆಯುವ ಕ್ಷಣವೇ ಕಿಡಿಯ ಕ್ಷಣ.

ಹೊಂದಿಸುವ ಕ್ರಮ ಹೀಗಿದೆ. ಮೊದಲು ಪಾಯಿಂಟ್ ಪೂರ್ತಿ ತೆರೆದಾಗಿನ ಅಂತರವನ್ನು ಫೀಲರ್ ಗೇಜಿನಿಂದ 0.4 ಮಿ.ಮೀ.ಗೆ ತರಬೇಕು. ಅಂತರ ಹೆಚ್ಚಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಡಿಮೆಯಾದರೆ ತಡವಾಗಿ. ಆದ್ದರಿಂದ ಟೈಮಿಂಗ್ ಆದಮೇಲೆ ಅಂತರ ಬದಲಿಸಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ನಂತರ ಸ್ಪಾರ್ಕ್ ಪ್ಲಗ್ ತೆಗೆದು, ಆ ರಂಧ್ರದಲ್ಲಿ ಡಯಲ್ ಗೇಜ್ ಕೂರಿಸಿ ತುತ್ತತುದಿಯನ್ನು ಗುರುತಿಸಿ. ಎಂಜಿನ್ನನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಅದು ಓಡುವ ದಿಕ್ಕಿನಲ್ಲೇ ತಂದು, ಆ ಮಾದರಿಯ ಕೈಪಿಡಿ ಹೇಳುವ ಎತ್ತರದಲ್ಲಿ ನಿಲ್ಲಿಸಿ. ಪಾಯಿಂಟಿನ ತಂತಿಗೂ ಎಂಜಿನ್ನಿನ ಮೈಗೂ ನಡುವೆ 6 ವೋಲ್ಟ್ ಬಲ್ಬೊಂದನ್ನು ಜೋಡಿಸಿ ಕೀಲಿ ತಿರುಗಿಸಿ. ಪಾಯಿಂಟ್ ಮುಚ್ಚಿದ್ದಾಗ ಬಲ್ಬು ಆರಿರುತ್ತದೆ, ತೆರೆದೊಡನೆ ಹೊತ್ತುತ್ತದೆ. ಪಾಯಿಂಟ್ ಕೂತಿರುವ ತಟ್ಟೆಯನ್ನು ಮೆಲ್ಲಗೆ ಸರಿಸಿ, ಬಲ್ಬು ಹೊತ್ತುವ ಜಾಗದಲ್ಲೇ ಬಿಗಿ ಮಾಡಿ. ಪೆಟ್ರೋಲ್ ಆವಿ ಇರುವುದರಿಂದ ಪ್ಲಗ್ಗಿನ ತಂತಿಯಿಂದ ಕಿಡಿ ಹಾರದಂತೆ ಎಚ್ಚರವಹಿಸಿ.

ಕಿಡಿ ತಡವಾದರೆ ಎಳೆತ ಕುಗ್ಗುತ್ತದೆ, ಪೆಟ್ರೋಲ್ ವ್ಯರ್ಥವಾಗುತ್ತದೆ, ಸೈಲೆನ್ಸರ್ ಕೊಳವೆ ವಿಪರೀತ ಕಾಯುತ್ತದೆ. ತೀರ ಬೇಗ ಹಾರಿದರೆ ಇನ್ನೂ ಅಪಾಯ: ಕಿಕ್ ಹಿಂದಕ್ಕೆ ಒದ್ದು ಸವಾರನ ಕಾಲಿಗೆ ಪೆಟ್ಟಾಗಬಹುದು, ಎಂಜಿನ್ ಟಕಟಕ ಬಡಿದು ಕೊನೆಗೆ ಪಿಸ್ಟನ್ನೇ ತೂತಾಗಬಹುದು.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರುಗಳಲ್ಲೂ ತತ್ತ್ವ ಇದೇ. ಅಲ್ಲಿ ತಟ್ಟೆಯ ಬದಲು ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತಾರೆ, ಅಷ್ಟೆ. ಕ್ರ್ಯಾಂಕ್ ಕೋನಕ್ಕೂ ಪಿಸ್ಟನ್ ಎತ್ತರಕ್ಕೂ ಇರುವ ಸಂಬಂಧದ ನಕ್ಷೆಯನ್ನು ವಿದ್ಯಾರ್ಥಿಗಳಿಂದ ಬರೆಸಿ ನೋಡಿ. ತ್ರಿಕೋನಮಿತಿ ಗ್ಯಾರೇಜಿನಲ್ಲೂ ದುಡಿಯುತ್ತಿರುವುದು ಅವರಿಗೇ ತಿಳಿಯುತ್ತದೆ.